ತಾಳಿದವನು ಬಾಳಿಯಾನು

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಮ್ಮ ಕಡೆ ಹೆಚ್ಚಾಗಿ ಹೇಳುವುದು ಸೊಸೆಗೆ, ಆಳಿಗೆ, ಸಾಲಗಾರನಿಗೆ. ಬಾಯಿ ಮುಚ್ಚಿಕೊಂಡಿರು, ಎಲ್ಲ ಸರಿಹೋಗುತ್ತೆ ಅನ್ನುವ ಅರ್ಥದಲ್ಲಿ. ಇದು ಗಾದೆಗೆ ಮಾಡಿದ ಅನ್ಯಾಯ. ಸೋತ ಮೇಲೂ ಎದ್ದು ಬಂದು, ಮೊದಲು ಕೇಳಿದ್ದನ್ನೇ ಮತ್ತೆ ಕೇಳುವವನೂ ತಾಳಿದವನೇ. ನಾಡು ನುಡಿಯ ರಾಜಕಾರಣ ನಿಂತಿರುವುದು ಇಂಥವರಿಂದ.

ನಮ್ಮ ಹೊನ್ನೂರಿನವರು ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ತಾಲ್ಲೂಕು ಯಳಂದೂರು ಮೈಸೂರು ಸೀಮೆ. ಪಕ್ಕದ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಈಗಿನ ಹನೂರೂ ಅದರೊಳಗೇ ಇತ್ತು. ಆಡುವ ಮಾತು, ಮಾದಪ್ಪನ ಪರಸೆ, ಹೆಣ್ಣು ಕೊಟ್ಟು ತರುವ ನಂಟು ಎಲ್ಲ ಒಂದೇ. ಜಮೀನಿನ ತಕರಾರು ಜಿಲ್ಲಾ ಕಚೇರಿಗೆ ಹೋಯಿತೆಂದರೆ ಮಾತ್ರ ಇಲ್ಲಿನವನು ಮೈಸೂರಿಗೆ, ಅಲ್ಲಿನವನು ಘಟ್ಟದಾಚೆಯ ಕೊಯಮತ್ತೂರಿಗೆ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಬಂತು, ನೆರೆಯ ಕನ್ನಡ ಸೀಮೆ ತಾಳವಾಡಿ ಬರಲಿಲ್ಲ. ಅಲ್ಲಿನ, ಡಾ. ರಾಜ್‌ಕುಮಾರ್ ಅವರ ಗಾಜನೂರು ಇವತ್ತಿಗೂ ತಮಿಳುನಾಡಿನಲ್ಲಿದೆ.

ಈ ಗಡಿ ಸೀಮೆಯ ಜನ ಕನ್ನಡ ಹೋರಾಟಗಾರ ವಾಟಾಳ್ ನಾಗರಾಜ್ ಅವರನ್ನು ಶಾಸಕರನ್ನಾಗಿ ಮಾಡಿದ್ದು ಆಕಸ್ಮಿಕವಲ್ಲ. 1967ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಿಂದ ಗೆದ್ದಿದ್ದ ಅವರು 1989, 1994, 2004ರಲ್ಲಿ ಗೆದ್ದದ್ದು ಚಾಮರಾಜನಗರದಿಂದ. ನಡುವೆ 1999ರಲ್ಲಿ ಸೋತರು, 2008ರಲ್ಲೂ ಸೋತರು. ಮಂತ್ರಿಯಾಗಲಿಲ್ಲ. ಅವರ ಕನ್ನಡ ಚಳವಳಿ ವಾಟಾಳ್ ಪಕ್ಷವೆಂದರೆ ಹೆಚ್ಚುಕಡಿಮೆ ಅವರೊಬ್ಬರೇ. ಕರಿ ಟೋಪಿ, ಕಪ್ಪು ಕನ್ನಡಕ. ಒಂದು ದಿನ ಕತ್ತೆಗಳ ಮೆರವಣಿಗೆ, ಇನ್ನೊಂದು ದಿನ ಖಾಲಿ ಕೊಡ ಹಿಡಿದು ಕಾವೇರಿಗಾಗಿ ಕೂಗು. ಚಾಮರಾಜನಗರದ ಭುವನೇಶ್ವರಿ ವೃತ್ತದಲ್ಲಿ ಬಸ್ಸಿಗೆ ಕಾದವರು ಇದನ್ನೆಲ್ಲ ನೋಡಿ ನಕ್ಕಿರಬಹುದು. ಆದರೆ ಬೇಡಿಕೆ ಬದಲಾಗಲಿಲ್ಲ: ಕನ್ನಡ ಬೋರ್ಡು, ಕನ್ನಡಿಗನಿಗೆ ಕೆಲಸ, ಕಾವೇರಿ ನೀರು. 2023ರ ಸೆಪ್ಟೆಂಬರ್ 29ರ ಕರ್ನಾಟಕ ಬಂದ್‌ಗೆ ಕರೆ ಕೊಟ್ಟವರ ಮುಂದಾಳೂ ಅವರೇ.

ಬ್ರಿಟನ್ನಿನ ವೇಲ್ಸ್ ನಾಡಿನಲ್ಲೂ ಇಂಥ ಒಬ್ಬರಿದ್ದರು, ಗ್ವಿನ್‌ಫರ್ ಇವಾನ್ಸ್. ಪ್ಲೈಡ್ ಕಮ್ರಿ ಪಕ್ಷವನ್ನು 1945ರಿಂದ 1981ರವರೆಗೆ ನಡೆಸಿದವರು. ಲಿವರ್‌ಪೂಲ್ ನಗರದ ನೀರಿಗಾಗಿ ವೇಲ್ಸಿನ ಕಪೆಲ್ ಕೆಲಿನ್ ಎಂಬ ಹಳ್ಳಿ 1965ರಲ್ಲಿ ಮುಳುಗಿತು. ಅದನ್ನು ತಡೆಯಲು ಹೋರಾಡಿ ಸೋತವರಲ್ಲಿ ಅವರೂ ಒಬ್ಬರು. ಮರುವರ್ಷ ಕಾರ್ಮಾರ್ಥನ್ ಉಪಚುನಾವಣೆಯಲ್ಲಿ ಗೆದ್ದು ಪಕ್ಷದ ಮೊದಲ ಸಂಸದರಾದರು. 1970ರಲ್ಲಿ ಸೋತರು, 1974ರಲ್ಲಿ ಗೆದ್ದರು, 1979ರಲ್ಲಿ ಮತ್ತೆ ಸೋತರು. ಸ್ಥಾನ ಹೋದ ಮೇಲೆಯೇ ಅವರ ದೊಡ್ಡ ಗೆಲುವು ಬಂದದ್ದು. ವೆಲ್ಶ್ ಭಾಷೆಯ ಟಿವಿ ವಾಹಿನಿ ಕೊಡುತ್ತೇವೆಂದ ಮಾತಿಗೆ ಸರ್ಕಾರ ತಪ್ಪಿದಾಗ, ಸಾಯುವವರೆಗೆ ಉಪವಾಸ ಕೂರುತ್ತೇನೆ ಎಂದರು. ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ 1980ರ ಸೆಪ್ಟೆಂಬರಿನಲ್ಲಿ ಮಣಿಯಿತು. ವಾಹಿನಿ ಶುರುವಾದ ದಿನ 1982ರ ನವೆಂಬರ್ 1. ನಮ್ಮ ರಾಜ್ಯೋತ್ಸವದ ದಿನವೇ!

ಇವಾನ್ಸ್ ಕೇಳಿದ್ದು ಮನೆಯೊಳಗೆ, ಮಕ್ಕಳ ಕಿವಿಗೆ ದಿನಾಲೂ ಬೀಳುವಂಥದ್ದನ್ನು. ನಮ್ಮ ಚಳವಳಿ ಎಡವುತ್ತಿರುವುದು ಇಲ್ಲೇ ಎಂದು ನನಗನಿಸುತ್ತದೆ. ಬಂದ್ ಒಂದು ದಿನದ್ದು, ಅದರ ಪೆಟ್ಟು ಕೂಲಿಯವನಿಗೆ. ಕನ್ನಡಿಗರ ಉದ್ಯೋಗದ ಬಗ್ಗೆ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟದ್ದು 1986ರಲ್ಲಿ. ಇವತ್ತಿಗೂ ಅದನ್ನು ಪೂರ್ತಿಯಾಗಿ ಜಾರಿ ಮಾಡಿ ಎಂದೇ ಕೇಳುತ್ತಿದ್ದೇವೆ. ಹಾಗೆಂದು ವಾಟಾಳರ ಛಲವನ್ನು ಹಗುರವಾಗಿ ಕಾಣಲಾರೆ. ಕನ್ನಡದ ಹೆಸರು ಹೇಳಿ ಗೆದ್ದು ಬೇರೆ ಪಕ್ಷ ಸೇರಿ ಮಂತ್ರಿಯಾಗುವ ದಾರಿ ಅವರಿಗೂ ತೆರೆದೇ ಇತ್ತು.

ಮಕ್ಕಳ ಕಿವಿಗೆ ದಿನಾಲೂ ಕನ್ನಡ ಬೀಳಿಸುವ ಕೆಲಸಕ್ಕೆ ಜಾಗ ಪಕ್ಕದಲ್ಲೇ ಇದೆ: ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಇವೆ. ಅಲ್ಲಿಗೆ ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದೆಯೇ, ಕನ್ನಡದ ಮೇಷ್ಟ್ರು ಇದ್ದಾರೆಯೇ ಎಂದು ನಮ್ಮ ಜಿಲ್ಲೆಯ ಶಾಸಕರು ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಲಿ, ವಿಧಾನಸಭೆಯಲ್ಲಿ ಕೇಳಲಿ. ಉತ್ತರ ಬರದಿದ್ದರೆ ಮುಂದಿನ ವರ್ಷವೂ ಕೇಳಲಿ.