ಅಚೌರ್ಯವೂ ಅನುಕಂಪೆಯೂ

ಪರವಾನಗಿಯಿಲ್ಲದೆ ಪರದೇಶದಲ್ಲಿ ನೆಲೆಸಿದವರನ್ನು ಕ್ಷಮಿಸಬೇಕೇ, ಹೊರಗಟ್ಟಬೇಕೇ? 1986ರ ಕಾಯ್ದೆಯಿಂದ ಅಮೆರಿಕವು ಅಂತಹ ಸುಮಾರು 27 ಲಕ್ಷ ಜನರಿಗೆ ಕಾಯಂ ವಾಸದ ಹಕ್ಕು ನೀಡಿತು. ಮುಂದೆ ಅಂಥವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ದಂಡವನ್ನೂ ಗೊತ್ತುಪಡಿಸಿತು. ಕ್ರಮವಾಗಿ ಅರ್ಜಿಯಿಟ್ಟು ಕಾದಿರುವವರಿಗೆ ಇಂತಹ ಕ್ಷಮಾದಾನ ಅನ್ಯಾಯವೆಂಬ ವಾದ ಇಂದಿಗೂ ಉಂಟು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ರಾಜ್ಯದ ಕಟ್ಟಳೆ ಮೀರುವ ವಿರುದ್ಧರಾಜ್ಯಾತಿಕ್ರಮವನ್ನು, ತೂಕ-ಅಳತೆಯ ಮೋಸದೊಡನೆಯೇ, ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದೆ. ಆದುದರಿಂದ ದೋಷವು ದೋಷವೇ. ಆದರೆ ಅತಿಚಾರವು ಪ್ರಾಯಶ್ಚಿತ್ತದಿಂದ ಶುದ್ಧವಾಗುವಂಥದು. ತಪ್ಪೊಪ್ಪಿ, ದಂಡ ತೆತ್ತು, ಸರದಿಯಲ್ಲಿ ಹಿಂದೆ ನಿಲ್ಲಲು ಸಿದ್ಧನಾದವನಿಗೆ ದಾರಿ ತೆರೆಯುವುದೇ ಧರ್ಮಸಮ್ಮತ. ದಂಡವಿಲ್ಲದ ಕ್ಷಮೆ ಕಾದವನಿಗೆ ಅನ್ಯಾಯ; ದಾರಿಯಿಲ್ಲದ ದಂಡ ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಹಿಂಸೆ.

ಕ್ಷಮಾವಾಣಿಯಂದು ಶ್ರಾವಕನು ಕ್ಷಮೆಯನ್ನು ಕೊಡುವನು, ಬೇಡುವನು. ಎರಡೂ ಕೂಡಿದಾಗಲೇ ಕ್ಷಮೆ ಪೂರ್ಣ.