ನೋಡಲು ಹೋಗುವವರ ಋಣ

ಕ್ರಿಸ್‌ಮಸ್ ಮುಗಿದು ಹೊಸ ವರ್ಷ ಕಾಲಿಟ್ಟಿತೆಂದರೆ ಬ್ರಿಟನ್ನಿನಲ್ಲಿರುವ ನಮ್ಮವರ ಮನೆಗಳಲ್ಲಿ ಒಂದೇ ಚರ್ಚೆ: "ಈ ಸಲ ಬೇಸಿಗೆ ರಜಕ್ಕೆ ಎಲ್ಲಿಗೆ?" ಒಂದು ವರ್ಷ ಊರಿಗೆ, ಮರುವರ್ಷ ಯೂರೋಪಿಗೆ ಎಂದು ಸರದಿ ಹಾಕಿಕೊಂಡವರು ಅನೇಕರು. ಇಲ್ಲಿನ ಮಳೆ, ಮೋಡಗಳಿಂದ ಬೇಸತ್ತವರಿಗೆ ಮೆಡಿಟರೇನಿಯನ್ ಕಡಲತೀರ ಸ್ವರ್ಗದಂತೆ ಕಾಣುವುದು ಸಹಜವೇ. ಅದರಲ್ಲೂ ಇಟಲಿಯ 'ಚಿಂಕ್ವೆ ತೆರ್ರೆ'ಯ ಹೆಸರು ನಮ್ಮ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಎಲ್ಲಿ ಇಳಿದುಕೊಳ್ಳುವುದು, ಸಸ್ಯಾಹಾರ ಸಿಗುತ್ತದೆಯೇ, ಭಾರತದ ಪಾಸ್‌ಪೋರ್ಟಿನವರು ಷೆಂಗೆನ್ ವೀಸಾಕ್ಕೆ ಏನೇನು ಕಾಗದ ಒಯ್ಯಬೇಕು ಎಂಬುದನ್ನೆಲ್ಲ ಹೋಗಿಬಂದವರು ಸಂತೋಷದಿಂದಲೇ ಹೇಳುತ್ತಾರೆ. ನಾನು ಇಲ್ಲಿ ಎತ್ತುವ ಪ್ರಶ್ನೆ ಬೇರೆ. ನಮ್ಮಂಥವರು ಬಂದು ಬಂದೇ ಒಂದು ಜಾಗ ಸವೆಯುತ್ತಿದೆ ಎಂದು ಗೊತ್ತಿದ್ದೂ ಅಲ್ಲಿಗೆ ಹೋಗುವುದು ಸರಿಯೇ?

ಮೊದಲು ಜಾಗದ ವಿಷಯ. ಚಿಂಕ್ವೆ ತೆರ್ರೆ ಎಂದರೆ 'ಐದು ನೆಲಗಳು'. ಲಿಗೂರಿಯಾ ಪ್ರಾಂತ್ಯದಲ್ಲಿ, ಲಾ ಸ್ಪೆತ್ಸಿಯಾ ಬಂದರಿನ ಹತ್ತಿರ, ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲಿಯಾ, ಮನರೋಲಾ, ರಿಯೊಮಜ್ಜೋರೆ ಎಂಬ ಐದು ಪುಟ್ಟ ಊರುಗಳು ಸಮುದ್ರಕ್ಕೆ ನೇರವಾಗಿ ಇಳಿಯುವ ಗುಡ್ಡಗಳಿಗೆ ಅಂಟಿಕೊಂಡಂತೆ ಇವೆ. ಈ ಚೆಲುವನ್ನು ದೇವರೊಬ್ಬನೇ ಕೊಟ್ಟದ್ದೆಂದು ತಿಳಿಯಬಾರದು. ಸುಮಾರು ಸಾವಿರ ವರ್ಷಗಳಿಂದ ಅಲ್ಲಿನ ರೈತರು ಇಳಿಜಾರನ್ನು ಕಡಿದು, ಸಿಕ್ಕ ಕಲ್ಲುಗಳನ್ನೇ ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ, ಹಿಂದೆ ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆದರು. ಮಲೆನಾಡಿನ ಇಳಿಜಾರಿನಲ್ಲಿ ಗದ್ದೆ ಮಾಡಿದವರ ಮನೆಯವರಿಗೆ ಈ ಶ್ರಮವನ್ನು ವಿವರಿಸಬೇಕಾಗಿಲ್ಲ. ಯುನೆಸ್ಕೊ 1997ರಲ್ಲಿ ಈ ತೀರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಮನುಷ್ಯ ಮತ್ತು ನಿಸರ್ಗ ಕೂಡಿ ಮಾಡಿದ ಭೂದೃಶ್ಯವೆಂದೇ. 1999ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಗಾರೆಯಿಲ್ಲದೆ ಗೋಡೆ ಕಟ್ಟುವ ಕಲೆಯನ್ನು ಇಟಲಿ, ಗ್ರೀಸ್, ಸ್ಪೇನ್ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ 2018ರಲ್ಲಿ ಯುನೆಸ್ಕೊ ಮತ್ತೊಂದು ಪಟ್ಟಿಗೆ ಸೇರಿಸಿತು.

ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಗೋಡೆ ನಿಲ್ಲುವುದಿಲ್ಲ. ರೈಲು ಬಂದ ಮೇಲೆ ಊರಿನವರು ಬೇರೆ ಕೆಲಸ ಹುಡುಕಿಕೊಂಡು ಹೊರಟರು. ಆಮೇಲೆ ಪ್ರವಾಸಿಗರು ಬಂದರು. ಬೆನ್ನು ಬಾಗಿಸಿ ದ್ರಾಕ್ಷಿ ಬೆಳೆಯುವುದಕ್ಕಿಂತ ಕೋಣೆ ಬಾಡಿಗೆಗೆ ಕೊಡುವುದು ಲಾಭದಾಯಕ ಎಂದು ಮಕ್ಕಳಿಗೆ ತೋರಿದರೆ ಅವರನ್ನು ದೂರುವುದು ಹೇಗೆ? ನಾವೂ ಹೊಲ, ತೋಟ ಬಿಟ್ಟು ಬಂದವರ ಮಕ್ಕಳೇ ಅಲ್ಲವೆ! ಹೀಗೆ ಗೋಡೆಗಳು ಒಂದೊಂದಾಗಿ ಕುಸಿಯತೊಡಗಿದವು. 2011ರ ಅಕ್ಟೋಬರ್ 25ರಂದು ಗುಡ್ಡದ ಮಣ್ಣು ವೆರ್ನಾತ್ಸಾ, ಮೊಂತೆರೊಸ್ಸೊ ಬೀದಿಗಳಿಗೆ ನುಗ್ಗಿತು, ಜೀವಹಾನಿಯೂ ಆಯಿತು. ಅಂದಿನ ಮಳೆಯೇ ವಿಪರೀತದ್ದು, ನಿಜ. ಆದರೆ ನೋಡಿಕೊಳ್ಳುವವರಿಲ್ಲದ ಗೋಡೆ ಗುಡ್ಡವನ್ನು ಹಿಡಿದು ನಿಲ್ಲಿಸಲಾರದು. ಮರುವರ್ಷ ರಿಯೊಮಜ್ಜೋರೆ ಮತ್ತು ಮನರೋಲಾ ನಡುವಿನ ಪ್ರಸಿದ್ಧ 'ಪ್ರೇಮದ ಹಾದಿ'ಯ ಮೇಲೆ ಬಂಡೆ ಉರುಳಿ ಪ್ರವಾಸಿಗರು ಗಾಯಗೊಂಡರು. ಆ ಹಾದಿ ಪೂರ್ತಿಯಾಗಿ ತೆರೆದದ್ದು 2024ರಲ್ಲಿ. ಅಂದರೆ ನಾವು ನೋಡಲು ಹೋಗುವ ದೃಶ್ಯವನ್ನು ಕಟ್ಟಿದ ಕೈಗಳನ್ನು ನಾವು ಹೋಗುವುದೇ ಬೇರೆ ಕೆಲಸಕ್ಕೆ ಎಳೆಯುತ್ತಿದೆ.

ಈಗ ನಮ್ಮ ಪ್ರಶ್ನೆ. "ನಾನೊಬ್ಬ ಹೋಗದಿದ್ದರೆ ಏನಾದೀತು?" ಎಂಬುದು ಮೊದಲ ಸಮಾಧಾನ. ಕೊಳಕ್ಕೆ ತಲಾ ಒಂದು ಬಿಂದಿಗೆ ಹಾಲು ಸುರಿಯಿರೆಂದು ರಾಜ ಆಜ್ಞೆ ಮಾಡಿದಾಗ, ನಾನೊಬ್ಬ ನೀರು ಸುರಿದರೆ ಯಾರಿಗೆ ಗೊತ್ತಾದೀತು ಎಂದು ಎಲ್ಲರೂ ನೀರನ್ನೇ ಸುರಿದ ಕತೆ ನಮಗೆ ಬಾಲ್ಯದಿಂದಲೇ ಗೊತ್ತು. ಹನಿಗೂಡಿದರೆ ಹಳ್ಳ. ಆದ್ದರಿಂದ ಈ ಸಮಾಧಾನ ನಿಲ್ಲುವುದಿಲ್ಲ.

"ಹಾಗಾದರೆ ಹೋಗುವುದೇ ಬೇಡ" ಎನ್ನುವವರೂ ಇದ್ದಾರೆ. ಕೇಳಲು ತ್ಯಾಗದಂತಿರುವ ಈ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇಂಗ್ಲೆಂಡಿನ ಶ್ರೀಮಂತರು ಮುನ್ನೂರು ವರ್ಷಗಳಿಂದ ಇಟಲಿಯನ್ನು ಸುತ್ತಿ ಬರುತ್ತಿದ್ದಾರೆ. ವೀಸಾ ಕೈಯಲ್ಲಿ ಹಿಡಿದು ನಮ್ಮ ಸರದಿ ಬಂದಾಗ ಮಾತ್ರ "ಜಾಗ ತುಂಬಿದೆ" ಎಂದರೆ ಅದು ಯಾವ ನ್ಯಾಯ? ಮೇಲಾಗಿ ಆ ಊರುಗಳು ಇಂದು ಬದುಕಿರುವುದೂ ಬಂದವರಿಂದಲೇ. ಎಲ್ಲರೂ ಹೋಗುವುದನ್ನು ಬಿಟ್ಟರೆ ಬಿದ್ದ ಗೋಡೆ ತಾನಾಗಿ ಎದ್ದು ನಿಲ್ಲುವುದಿಲ್ಲ.

"ದುಡ್ಡು ಕೊಟ್ಟಿದ್ದೇನಲ್ಲ!" ಎಂಬುದು ಮೂರನೆಯ ಮಾತು. ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಬೆಲೆ ಬೇರೆ, ಋಣ ಬೇರೆ. ಹೋಟೆಲಿನ ಬಿಲ್ಲು ಹಾಸಿಗೆಗೆ, ಕಾಫಿಗೆ ಸಲ್ಲುತ್ತದೆ. ಕಿಟಕಿಯಿಂದ ಕಾಣುವ ಗುಡ್ಡಕ್ಕೆ ಬಿಲ್ಲು ಕೊಟ್ಟವರಾರು? ನಮ್ಮ ಕಡೆ ಮದುವೆ ಮನೆಗೆ ಎರಡು ಬಗೆಯ ನೆಂಟರು ಬರುತ್ತಾರೆ. ಒಬ್ಬರು ಊಟದ ಹೊತ್ತಿಗೆ ಬಂದು, ಮೊದಲ ಪಂಕ್ತಿಯಲ್ಲಿ ಕೂತು, ಉಡುಗೊರೆ ಕೊಟ್ಟು ಬಸ್ಸು ಹಿಡಿಯುವವರು. ಇನ್ನೊಬ್ಬರು ಹಿಂದಿನ ದಿನವೇ ಬಂದು ತರಕಾರಿ ಹೆಚ್ಚಲು ಕೂರುವವರು. ಇಬ್ಬರಿಗೂ ಬಡಿಸುವುದು ಅದೇ ಪಾಯಸ. ಆದರೆ ಮನೆಯವರು ಯಾರನ್ನು ತಮ್ಮವರೆಂದು ನೆನೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅತಿಥಿಯನ್ನು ದೇವರಂತೆ ಕಾಣಬೇಕೆಂದು ಆತಿಥೇಯನಿಗೆ ಬೇಕಾದಷ್ಟು ಉಪದೇಶವಿದೆ. ಅತಿಥಿಯ ಧರ್ಮವನ್ನು ನಾವು ಅಷ್ಟಾಗಿ ಚರ್ಚಿಸಿಲ್ಲ.

ನನ್ನ ಅಭಿಪ್ರಾಯವಿಷ್ಟು: ಹೋಗಬಹುದು, ಆದರೆ ನೋಡಿದ್ದರ ಋಣವನ್ನು ಒಪ್ಪಿಕೊಂಡು ಹೋಗಬೇಕು. ಬರಿಯ ಭಾವನೆಯಿಂದ ಋಣ ತೀರುವುದಿಲ್ಲವಾದ್ದರಿಂದ ಅದು ಯೋಜನೆಯಲ್ಲೇ ಕಾಣಿಸಬೇಕು. ದೊಡ್ಡ ಹಡಗಿನಿಂದ ಲಾ ಸ್ಪೆತ್ಸಿಯಾದಲ್ಲಿ ಇಳಿದು, ಒಂದೇ ದಿನದಲ್ಲಿ ಐದೂ ಊರು 'ಮುಗಿಸಿ', ರಾತ್ರಿಯೂಟಕ್ಕೆ ಹಡಗಿಗೆ ಮರಳುವವರು ಮೊದಲ ಪಂಕ್ತಿಯ ನೆಂಟರು. ಅದರ ಬದಲು ಒಂದೇ ಊರಿನಲ್ಲಿ ಮೂರು ರಾತ್ರಿ ಇರಬಹುದು. ಕರಾವಳಿಯ ಕಾಲುಹಾದಿಗೆ ಉದ್ಯಾನದವರು ವಿಧಿಸುವ ಶುಲ್ಕವನ್ನು ಗೊಣಗದೆ ಕೊಡಬಹುದು. ಪೆಟ್ಟಿಗೆ ತುಂಬ ಅವಲಕ್ಕಿ, ಚಟ್ನಿಪುಡಿ ಒಯ್ದು ಕೋಣೆಯಲ್ಲೇ ಉಣ್ಣುವ ಬದಲು, ಆ ಸೀಮೆಯ 'ಫರಿನಾತಾ' ಎಂಬ ಕಡಲೆಹಿಟ್ಟಿನ ದೋಸೆಯಂಥ ತಿಂಡಿಯನ್ನು ತಿನ್ನಬಹುದು. ಕುಡಿಯುವ ಅಭ್ಯಾಸವಿದ್ದವರು ಆ ಮೆಟ್ಟಿಲು ತೋಟಗಳ ವೈನನ್ನೇ ಕೊಂಡರೆ ಗೋಡೆ ಕಾಯುವ ರೈತನಿಗೆ ಅಷ್ಟಾದರೂ ತಲುಪುತ್ತದೆ.

ಜನ ಕಡಿಮೆಯಿರುವಾಗ ಹೋಗಿ ಎಂದು ಹೇಳುವುದು ಸುಲಭ, ಮಕ್ಕಳಿರುವವರಿಗೆ ಕಷ್ಟ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಐದು ದಿನ ಶಾಲೆ ತಪ್ಪಿಸಿದರೆ, 2024ರ ಆಗಸ್ಟಿನಿಂದ, ತಂದೆಗೂ ತಾಯಿಗೂ ಪ್ರತಿ ಮಗುವಿಗೆ 80 ಪೌಂಡಿನಂತೆ ದಂಡ ಬೀಳಬಹುದು. ಜುಲೈ, ಆಗಸ್ಟಿನಲ್ಲೇ ಹೋಗಬೇಕಾದವರು ಅಷ್ಟು ಹೆಸರಾಗದ ತೀರವನ್ನು ಹುಡುಕಬಹುದು. ಹಾಗೆ ಹುಡುಕಿದ್ದನ್ನೂ ನಾಳೆ ನಾವೇ ಹೆಸರುಮಾಡಿ ತುಂಬಿಸುತ್ತೇವೆ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ದೋಣಿಯಿಂದ ನೋಡಿದರೆ ಆ ಗುಡ್ಡ ಹಸಿರು ರತ್ನಗಂಬಳಿ. ಹತ್ತಿರ ಹೋದರೆ ಕಲ್ಲು, ಕಲ್ಲಿನ ಹಿಂದೆ ಯಾರದೋ ಬೆನ್ನುನೋವು. ನಮ್ಮ ಮಕ್ಕಳಿಗೆ ಫೋಟೋ ತೆಗೆಯುವ ಮೊದಲು ಒಂದು ಗೋಡೆಯನ್ನಾದರೂ ಹತ್ತಿರದಿಂದ ತೋರಿಸಿ, ಇದನ್ನು ಯಾರು ಕಟ್ಟಿದರು, ಈಗ ಯಾರು ನೋಡಿಕೊಳ್ಳುತ್ತಾರೆ ಎಂದು ಅಲ್ಲಿನವರನ್ನೇ ಕೇಳೋಣ. ಬೇರೆ ಅಭಿಪ್ರಾಯವುಳ್ಳ ಸದಸ್ಯರು ದಯವಿಟ್ಟು ಮುಂದಿನ ಸಂಚಿಕೆಗೆ ಬರೆದು ಕಳಿಸಬೇಕೆಂದು ಕೋರುತ್ತೇನೆ.