ಪುಣ್ಯಕ್ಕೆ ಎಷ್ಟು ಜನ ಪಾಲುದಾರರು?

ಗೋವೆಯಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್‌ನಲ್ಲಿ ಒಬ್ಬರೇ ಎಲ್ಲವನ್ನೂ ಮುಗಿಸಬೇಕೆಂಬ ಕಟ್ಟುಪಾಡಿಲ್ಲ. ರಿಲೇ ವಿಭಾಗಕ್ಕೆ ಹೆಸರು ಕೊಟ್ಟರೆ ಸಮುದ್ರದ 1.9 ಕಿ.ಮೀ. ಈಜು ದೊಡ್ಡ ಮಗಳಿಗೆ, 90 ಕಿ.ಮೀ. ಸೈಕಲ್ ಅಪ್ಪನಿಗೆ, 21.1 ಕಿ.ಮೀ. ಓಟ ಅಮ್ಮನಿಗೆ ಎಂದು ಮನೆಮಂದಿ ಹಂಚಿಕೊಳ್ಳಬಹುದು. ಮೂವರಿಗೂ ಸೇರಿ ಲೆಕ್ಕಕ್ಕೆ ಬರುವುದು ಒಂದೇ ಸಮಯ.

2021ರ ಟೋಕಿಯೊದಲ್ಲಿ ಇದೇ ಜಾತಿಯ ಮಿಶ್ರ ರಿಲೇ ಮೊದಲ ಸಲ ಒಲಿಂಪಿಕ್ಸಿಗೆ ಬಂತು. ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಪ್ರತಿಯೊಬ್ಬರೂ 300 ಮೀಟರ್ ಈಜಿ, ಸುಮಾರು 7 ಕಿ.ಮೀ. ಸೈಕಲ್ ತುಳಿದು, 2 ಕಿ.ಮೀ. ಓಡಿ, ಮುಂದಿನವರ ಕೈ ಮುಟ್ಟಬೇಕು. ಗೆದ್ದ ಬ್ರಿಟನ್ ತಂಡದ ನಾಲ್ವರಿಗೂ ಒಂದೊಂದು ಇಡೀ ಚಿನ್ನದ ಪದಕ ಸಿಕ್ಕಿತು. ಕಾಲು ಭಾಗ ದುಡಿದವರಿಗೆ ಪೂರ್ತಿ ಫಲ ಹೇಗೆ ಬಂತು? ಆಟದ ಮೈದಾನದಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಬಹಳ ಹಿಂದೆಯೇ ಕೇಳಿ, ವಾದಿಸಿ, ತೀರ್ಮಾನ ಹೇಳಿದ್ದಾರೆ.

ಜೈಮಿನಿಯ ಪೂರ್ವಮೀಮಾಂಸೆಯ ಆರನೇ ಅಧ್ಯಾಯದಲ್ಲಿ ಅದರ ಚರ್ಚೆ ಇದೆ. ಸಾಮಾನ್ಯ ಯಾಗದಲ್ಲಿ ಋತ್ವಿಜರು ದುಡಿಯುತ್ತಾರೆ, ದಕ್ಷಿಣೆ ಪಡೆಯುತ್ತಾರೆ. ಫಲ ಮಾತ್ರ ಯಜಮಾನನದು. ಸತ್ರಯಾಗದ ರೀತಿ ಬೇರೆ. ಕನಿಷ್ಠ 17, ಗರಿಷ್ಠ 24 ಜನ ಒಟ್ಟಾಗಿ ಕೂರುವ ಸತ್ರದಲ್ಲಿ ಯಜಮಾನರೂ ಅವರೇ, ಋತ್ವಿಜರೂ ಅವರೇ. ಯಾರೂ ಯಾರ ಕೂಲಿಯೂ ಅಲ್ಲದ್ದರಿಂದ ದಕ್ಷಿಣೆಯೇ ಇಲ್ಲ. ಕೆಲಸ ಹಂಚಿಹೋದರೂ ಫಲ ಹಂಚಿಹೋಗುವುದಿಲ್ಲ, ಪ್ರತಿಯೊಬ್ಬನಿಗೂ ಪೂರ್ಣವಾಗಿಯೇ ಸಿಗುತ್ತದೆ ಎಂಬುದು ಮೀಮಾಂಸಕರ ತೀರ್ಮಾನ. ನಡುವೆ ಒಬ್ಬ ಇಲ್ಲವಾದರೆ ಎಣಿಕೆ ತುಂಬಲು ಇನ್ನೊಬ್ಬನನ್ನು ಕರೆತರಬಹುದು. ಆದರೆ ಹಾಗೆ ಬಂದವನು ಕೆಲಸಕ್ಕೆ ಬಂದವನೇ ಹೊರತು ಯಜಮಾನನಾಗುವುದಿಲ್ಲ. ಎಷ್ಟು ದುಡಿದ ಎಂಬುದಕ್ಕಿಂತ, ಈ ಕೆಲಸ ನನ್ನದು ಎಂಬ ಸಂಕಲ್ಪ ಅವನಿಗಿತ್ತೇ ಎಂಬುದೇ ಅಲ್ಲಿ ಮುಖ್ಯ.

ಇಷ್ಟಕ್ಕೇ ನಿಂತರೆ ಮಾತು ತೀರಾ ಸಲೀಸಾಗುತ್ತದೆ. ರತ್ನಾಕರನ ಕಥೆ ಎಲ್ಲರಿಗೂ ಗೊತ್ತು. ದಾರಿಹೋಕರನ್ನು ದೋಚಿ ಸಂಸಾರ ಸಾಕುತ್ತಿದ್ದವನು, ನಾರದರು ಕೇಳಿದ ಮೇಲೆ ಮನೆಗೆ ಹೋಗಿ, ನನ್ನ ಪಾಪದಲ್ಲಿ ನಿಮಗೂ ಪಾಲು ಉಂಟಲ್ಲವೇ ಎಂದ. ಉಂಡವರೆಲ್ಲ ಕೈ ತೊಳೆದುಕೊಂಡರು. ಪದಕದಲ್ಲಿ, ಪುಣ್ಯದಲ್ಲಿ ಮನೆಮಂದಿಗೆಲ್ಲ ಇಡಿ ಇಡಿ ಪಾಲು. ಪಾಪದಲ್ಲಿ ಮಾತ್ರ ಒಬ್ಬನೇ. ಇದು ನ್ಯಾಯವೇ?

ಈ ಪ್ರಶ್ನೆಗೆ ಬಲವಾದ ಉತ್ತರ ರಾಯಚೂರು ಸೀಮೆಯಿಂದ ಬಂದಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಯದು ದಿನವೂ ನಡೆಯುತ್ತಿದ್ದ ರಿಲೇ. ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಅವನ ಸರದಿ, ಅಡುಗೆ ಮಾಡಿ ಜಂಗಮರಿಗೆ ನೀಡುವುದು ಅವಳ ಸರದಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಬೇಯಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ರತ್ನಾಕರನ ಮನೆಯವರು ತಂದದ್ದನ್ನು ಉಂಡು ಆಮೇಲೆ ನಮ್ಮದಲ್ಲ ಎಂದರು. ಲಕ್ಕಮ್ಮ ಮೊದಲೇ ಅದು ತನ್ನದೂ ಹೌದೆಂದು ತಿಳಿದದ್ದರಿಂದ ಹೊಸಿಲಲ್ಲಿಯೇ ತಡೆದಳು. ಗಂಡನ ಆಸೆ ತನ್ನ ಒಲೆಗೂ ತಟ್ಟುತ್ತದೆ ಎಂದು ಬಗೆದವಳಿಗೆ ಮಾತ್ರ ಇದು ಸಾಧ್ಯ. ಕನ್ನಡದ ಧರ್ಮಚಿಂತನೆಯಲ್ಲಿ ಕುಟುಂಬದ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ.

ಇಂಥ ಹಂಚಿಕೆ ಮನೆಯ ಹೊರಗೆ, ಶ್ರೀಶೈಲದ ದಾರಿಯಲ್ಲೂ ಕಾಣುತ್ತದೆ. ಮಾನೋಪಾಡು, ಅಲಂಪುರ, ಗದ್ವಾಲಗಳ ಸೀಮೆ ಕೃಷ್ಣಾ, ತುಂಗಭದ್ರೆಗಳ ನಡುವಿನ ನಾಡು. ತೆಲುಗರ ಬಾಯಲ್ಲಿ ನಡಿಗಡ್ಡ. ಅಲಂಪುರವನ್ನು ಶ್ರೀಶೈಲದ ಪಶ್ಚಿಮ ದ್ವಾರವೆಂದು ಹಿಂದಿನಿಂದಲೂ ಕರೆಯುತ್ತಾರೆ. ಉತ್ತರ ಕರ್ನಾಟಕದ ಊರೂರುಗಳಿಂದ ಯುಗಾದಿಗೆ ಮಲ್ಲಯ್ಯನ ಬೆಟ್ಟವಾದ ಶ್ರೀಶೈಲಕ್ಕೆ ನಡೆದು ಹೋಗುವವರು ಇಂದಿಗೂ ಲಕ್ಷಗಟ್ಟಲೆ. ಕರ್ನೂಲು, ಆತ್ಮಕೂರು ದಾಟಿ, ವೆಂಕಟಾಪುರಂನಲ್ಲಿ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು ಹಾದು ಕೈಲಾಸದ್ವಾರ ಹತ್ತುತ್ತಾರೆ. ದೇವರ ಹೆಸರಲ್ಲಿ ಹೊರುವ ಕಂಬಿ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಸಾಗುತ್ತದೆ. ದಾರಿಯ ಊರಿನವರು ಬಿಸಿನೀರು ಕಾಯಿಸಿ, ಮಜ್ಜಿಗೆ ಕೊಟ್ಟು, ದಾಸೋಹ ನಡೆಸುತ್ತಾರೆ. ಮಲ್ಲಯ್ಯನ ಮಡದಿ ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳೆಂಬ ನಂಬಿಕೆ, ಅದಕ್ಕೇ ತವರಿನ ಸೀರೆ, ಅರಿಸಿನ, ಕುಂಕುಮ ಹೊತ್ತು ತರುತ್ತಾರೆ. ಕಂಬಿ ಹೊತ್ತವರು, ಬೆನ್ನ ಹಿಂದೆ ನಡೆದವರು, ಅಂಬಲಿ ಬಡಿಸಿದವರು ಇವರಲ್ಲಿ ಯಾತ್ರೆ ಯಾರದು? ಸತ್ರದ ನ್ಯಾಯದಲ್ಲಿ ಎಲ್ಲರದೂ.

ಅದೇ ಬೆಟ್ಟಕ್ಕೆ ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಒಬ್ಬಳೇ ಬಂದಳು. ಅವಳ ಹೆಗಲಿಗೆ ಹೆಗಲು ಕೊಡುವವರು ಮನೆಯಲ್ಲಿ ಇರಲಿಲ್ಲ, ಅವಳು ಬೇಡಲೂ ಇಲ್ಲ. ಕೂಡಿ ನಡೆಯುವುದನ್ನು ಎಷ್ಟು ಹೊಗಳಿದರೂ ಅಕ್ಕನ ನಡಿಗೆಯನ್ನು ಕಡಿಮೆಯೆನ್ನುವ ಎದೆ ಯಾರಿಗೂ ಇರಬಾರದು. ಸಂಸಾರದ ಸಂಕಲ್ಪ ತನ್ನದಾಗದ ಕಡೆ ಹೊರಟುಬರುವುದೂ ಯಜಮಾನಿಕೆಯೇ.

ಕುಟುಂಬಗಳು ತಂಡ ಕಟ್ಟಿ ಓಡುವ ಈ ಕಾಲದಲ್ಲಿ ಕಾಡುವುದೂ ಸಂಕಲ್ಪ ಯಾರದೆಂಬ ಇದೇ ಪ್ರಶ್ನೆ. ಅಪ್ಪನ ಹಟಕ್ಕೆ ನೀರಿಗಿಳಿದ ಹುಡುಗ ಸತ್ರದ ಯಜಮಾನನೋ, ಎಣಿಕೆ ತುಂಬಲು ಕರೆತಂದ ಬದಲಿಯೋ? ಅಮೆರಿಕದ ಮ್ಯಾಸಚೂಸೆಟ್ಸ್‌ನ ಡಿಕ್ ಹಾಯ್ಟ್ ಮತ್ತು ಮಗ ರಿಕ್ ಅವರದು ಇಲ್ಲಿ ನೆನೆಯಬೇಕಾದ ಉದಾಹರಣೆ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇದ್ದ ರಿಕ್‌ಗೆ ನಡೆಯಲಾಗುತ್ತಿರಲಿಲ್ಲ, ಮಾತಾಡಲಾಗುತ್ತಿರಲಿಲ್ಲ. ಕಂಪ್ಯೂಟರಿನ ಮೂಲಕ ತನ್ನ ಮಾತು ಹೇಳುತ್ತಿದ್ದ. ದೇಹದ ಸ್ವಾಧೀನ ಕಳೆದುಕೊಂಡ ಆಟಗಾರನೊಬ್ಬನ ನೆರವಿಗೆ 1977ರಲ್ಲಿ ಏರ್ಪಾಡಾದ ಐದು ಮೈಲಿ ಓಟಕ್ಕೆ ಹೋಗೋಣವೆಂದು ಕೇಳಿದವನು ಅವನೇ. ಅಪ್ಪ ಗಾಲಿಕುರ್ಚಿ ತಳ್ಳಿಕೊಂಡು ಓಡಿದರು. ಓಡುವಾಗ ನನಗೆ ಊನವಿದೆ ಎಂದೇ ಅನಿಸಲಿಲ್ಲ ಎಂದು ಮಗ ತಿಳಿಸಿದ. ಮುಂದೆ ಟ್ರಯಥ್ಲಾನ್‌ಗೆ ಕರೆ ಬಂದಾಗ ಡಿಕ್ ಅವರಿಗೆ ಈಜು ಬರುತ್ತಿರಲಿಲ್ಲ, ನಡುವಯಸ್ಸಿನಲ್ಲಿ ಕಲಿತರು. ಮಗನಿದ್ದ ರಬ್ಬರ್ ದೋಣಿಗೆ ಹಗ್ಗ ಕಟ್ಟಿ ಎಳೆಯುತ್ತ ಈಜಿ, ಅವನನ್ನು ಸೈಕಲ್‌ನ ಮುಂದೆ ಕೂರಿಸಿ ತುಳಿದು, ಮತ್ತೆ ಕುರ್ಚಿ ತಳ್ಳಿ ಓಡಿ, 1989ರಲ್ಲಿ ಹವಾಯಿಯ ಪೂರ್ಣ ಐರನ್‌ಮ್ಯಾನ್ ಮುಗಿಸಿದರು. ಕಾಲು, ತೋಳು ಎಲ್ಲ ಅಪ್ಪನವು. ಮೊದಲ ಸಂಕಲ್ಪ ಮಗನದು. ಜೈಮಿನಿಯ ಲೆಕ್ಕದಲ್ಲಿ ರಿಕ್ ಇಡೀ ಫಲಕ್ಕೆ ಹಕ್ಕುದಾರ.